ಆಷಾಢದ ಗಾಳಿಯಲ್ಲಿ ಚಳ್ಳಕೆರೆಗೆ ಸೈಕಲ್

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸೈಕಲ್‌ನಲ್ಲಿ ಹೋಗ್ತೀನಿ ಅಂದರೆ ಎಲ್ಲರೂ ಮೊದಲು ಕೇಳುವುದು ದೂರ. ಸುಮಾರು 200 ಕಿ.ಮೀ. ಆದರೆ ಆಷಾಢದಲ್ಲಿ ನಾನು ಮೊದಲು ನೋಡುವುದು ಗಾಳಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ಎಡಗಡೆಯಿಂದ, ಓರೆಯಾಗಿ ಮುಖಕ್ಕೇ ಹೊಡೆಯುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ?

ಸೈಕಲ್ 20 ಕಿ.ಮೀ. ವೇಗದಲ್ಲಿದ್ದು, ಎದುರು ಗಾಳಿಯೂ ಅಷ್ಟೇ ವೇಗದಲ್ಲಿ ಬಂದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಜಿದ್ದಿಗೆ ಬಿದ್ದರೆ ಮೊಣಕಾಲು ಹೋಗುತ್ತದೆ, ಅಷ್ಟೇ. ಹಗುರ ಗೇರ್ ಹಾಕಿ, ಮೈ ಬಗ್ಗಿಸಿ, ವೇಗ ತೋರಿಸುವ ಮೀಟರ್ ಮುಚ್ಚಿಬಿಡುತ್ತೇನೆ. ಬಿಸಿಲೇರಿ ನೆಲ ಕಾದ ಮೇಲೆ ಮೇಲಿನ ಜೋರು ಗಾಳಿ ಕೆಳಗಿಳಿಯುತ್ತದೆ. ಅದಕ್ಕೇ ಬೆಳಗಿನ ಜಾವವೇ ಹೊರಟು, ಹನ್ನೊಂದರೊಳಗೆ ಜಾಸ್ತಿ ದಾರಿ ಮುಗಿಸುತ್ತೇನೆ. ರಾತ್ರಿ ಹಿರಿಯೂರಿನಲ್ಲಿ. ಮುದ್ದೆ, ಸಾರು, ನಿದ್ದೆ.

ಬರುವಾಗ ಚಳ್ಳಕೆರೆ, ಪಾವಗಡ, ಮಧುಗಿರಿ ದಾರಿ. ಗಾಳಿ ಬಲಗಡೆಯಿಂದ, ಸ್ವಲ್ಪ ಹಿಂದಿನಿಂದ ತಳ್ಳುತ್ತದೆ. ಸುಖ ಅನ್ನಿಸುತ್ತದೆ, ಆದರೆ ನನಗೆ ಭಯವಾಗುವುದು ಇಲ್ಲೇ. ಎರಡೂ ಕಡೆ ಬರೀ ಶೇಂಗಾ ಹೊಲ, ಗಾಳಿ ತಡೆಯಲು ಒಂದು ಮರವಿಲ್ಲ. ಬೀಳಬಾರದು ಅಂತ ಸೈಕಲ್ಲನ್ನು ಬಲಕ್ಕೆ ವಾಲಿಸಿಕೊಂಡೇ ಹೋಗುತ್ತಿರುತ್ತೇವೆ. ಹಿಂದಿನಿಂದ ಲಾರಿ ಬಂದು ಪಕ್ಕಕ್ಕೆ ಸೇರಿದ ತಕ್ಷಣ ಗಾಳಿ ಪಟ್ಟನೆ ನಿಲ್ಲುತ್ತದೆ. ವಾಲಿದ್ದ ಸೈಕಲ್ ಲಾರಿಯ ಕಡೆಗೇ ಎಳೆಯುತ್ತದೆ. ಲಾರಿ ದಾಟಿತೋ, ನಿಂತಿದ್ದ ಗಾಳಿಯೆಲ್ಲ ಒಟ್ಟಿಗೆ ಬಂದು ಎಡಕ್ಕೆ ನೂಕುತ್ತದೆ. ಪಕ್ಕದ ಚೀಲಗಳು ದೊಡ್ಡದಿದ್ದಷ್ಟೂ ಹೊಡೆತ ಜೋರು. ಲಾರಿ ಸದ್ದು ಕೇಳಿದ ಕೂಡಲೇ ನಾನು ನಿಧಾನ ಮಾಡಿ ರಸ್ತೆಯ ಅಂಚಿಗೆ ಸರಿಯುತ್ತೇನೆ. ತೀರಾ ಅಂಚಿಗೂ ಹೋಗುವಂತಿಲ್ಲ, ಅಲ್ಲಿ ಬಳ್ಳಾರಿ ಜಾಲಿಯ ಮುಳ್ಳು. ಎರಡು ಟ್ಯೂಬ್ ಜೊತೆಗಿರಲಿ.

ಊರುಗಳು ದೂರ ದೂರ. ಶುದ್ಧ ನೀರಿನ ಘಟಕ ಕಂಡಲ್ಲೆಲ್ಲ ಬಾಟಲಿ ತುಂಬಿಸಿಕೊಳ್ಳುತ್ತೇನೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುವಷ್ಟು ನೀರು ಬರುತ್ತದೆ, ನಮಗೆ ಬೇಕಿರುವುದು ಎರಡು ಬಾಟಲಿ. ಒಮ್ಮೆ ಕ್ಯಾನ್ ಹಿಡಿದಿದ್ದ ಅಜ್ಜಿಯೊಬ್ಬರು ಕರೆದರು. ‘ಎಲ್ಲಿಂದ ಬಂದ್ಯಪ್ಪಾ?’

‘ಬೆಂಗಳೂರಿಂದ ಅಜ್ಜಿ.’

‘ಬಸ್ಸಿರ್ಲಿಲ್ವಾ?’

ನಕ್ಕು ಬಾಟಲಿ ಮುಂದೆ ಹಿಡಿದೆ. ತುಂಬಿಸಿಕೊಟ್ಟರು, ನನ್ನ ನಾಣ್ಯ ಮುಟ್ಟಲಿಲ್ಲ.

ಕೊರಟಗೆರೆಯಿಂದ ಈಚೆಗೆ ಮರ, ಮನೆ, ಅಂಗಡಿ ಹೆಚ್ಚುತ್ತವೆ, ಗಾಳಿಯ ಕಾಟ ಕಮ್ಮಿ. ದಾಬಸ್‌ಪೇಟೆಯಲ್ಲಿ ಮತ್ತೆ ಹೈವೇ ಸಿಗುತ್ತದೆ. ಅಲ್ಲಿಂದ ನೆಲಮಂಗಲದವರೆಗೆ ಸರ್ವಿಸ್ ರಸ್ತೆ ಇರುವಲ್ಲೆಲ್ಲ ನಾನು ಅದನ್ನೇ ಹಿಡಿಯುತ್ತೇನೆ.