ಓಪನ್‌ಡಬ್ಲ್ಯುಆರ್‌ಟಿ ರೂಟರಿನಲ್ಲಿ ಜಾಗ ಸಾಲದಿದ್ದಾಗ

ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ (ರೂಟರನ್ನು ನಡೆಸುವ ತಂತ್ರಾಂಶ) ಹಾಕಿರುವ ರೂಟರಿನಲ್ಲಿ ಜಾಗ ತುಂಬಿದಾಗ, ಫರ್ಮ್‌ವೇರ್ ಜೊತೆಗೇ ಬಂದ ಪ್ಯಾಕೇಜುಗಳನ್ನು ದಯವಿಟ್ಟು ಅಳಿಸಲು ಹೋಗಬೇಡಿ. ಅವು ಓದಲು ಮಾತ್ರ ಅವಕಾಶವಿರುವ ಸ್ಕ್ವಾಶ್‌ಎಫ್‌ಎಸ್ ಭಾಗದಲ್ಲಿರುತ್ತವೆ. ಅಳಿಸಿದರೆ ಕಡತ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಜಾಗ ಖಾಲಿಯಾಗುವುದಿಲ್ಲ, ಬದಲಿಗೆ ‘ಅಳಿಸಲಾಗಿದೆ’ ಎಂಬ ಗುರುತನ್ನು ಬರೆದಿಡಲು, ನೀವು ಮಾಡಿದ ಬದಲಾವಣೆಗಳು ಉಳಿಯುವ ಓವರ್‌ಲೇ ಭಾಗದಲ್ಲೇ ಇನ್ನಷ್ಟು ಜಾಗ ಹೋಗುತ್ತದೆ. ನೀವೇ ಆಮೇಲೆ ಹಾಕಿಕೊಂಡ ಪ್ಯಾಕೇಜುಗಳನ್ನು ತೆಗೆದರೆ ಮಾತ್ರ ಜಾಗ ಸಿಗುತ್ತದೆ. ಎಷ್ಟು ಉಳಿದಿದೆ ಎಂಬುದನ್ನು ‘ಡಿಎಫ್ -ಎಚ್’ (df -h) ಆದೇಶ ಕೊಟ್ಟು ಓವರ್‌ಲೇ ಸಾಲಿನಲ್ಲಿ ನೋಡಿಕೊಳ್ಳಿ. ಹೊಸ ಫರ್ಮ್‌ವೇರ್ ಕಡತವನ್ನು ಟಿಎಂಪಿ (/tmp) ಫೋಲ್ಡರಿಗೇ ಇಳಿಸಿಕೊಳ್ಳುವುದು ಸರಿಯಾದ ಕ್ರಮ, ಏಕೆಂದರೆ ಅದು ರ‍್ಯಾಮ್‌ನಲ್ಲಿರುವುದರಿಂದ ಫ್ಲ್ಯಾಶ್ ಸವೆಯುವುದಿಲ್ಲ. ಆದರೆ ರೀಬೂಟ್ ಆದೊಡನೆ ಅಲ್ಲಿರುವುದೆಲ್ಲ ಹೋಗುವುದರಿಂದ, ಸೆಟ್ಟಿಂಗುಗಳ ಬ್ಯಾಕಪ್ಪನ್ನು ಮರೆಯದೆ ಮೊದಲೇ ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ. ಯುಎಸ್‌ಬಿ ಪೋರ್ಟ್ ಇದ್ದರೆ, ಎಕ್ಸ್‌ಟ್‌ರೂಟ್ ವಿಧಾನದಿಂದ ಓವರ್‌ಲೇಯನ್ನೇ ಪೆನ್‌ಡ್ರೈವಿಗೆ ಸಾಗಿಸಬಹುದು.