ಹಳೇ ಫ್ಲಾಟ್ ಕೊಳ್ಳುವಾಗ ರಿಪೇರಿ ಮಾತು ಹೇಗೆ ಎತ್ತುವುದು?

ಬೆಂಗಳೂರಲ್ಲಿ ರೀಸೇಲ್ ಫ್ಲಾಟ್ ನೋಡುತ್ತಿದ್ದೀರಾ? ರಿಪೇರಿ ಮಾತು ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಮುಗಿಯಲಿ. ದುಡ್ಡು ಕೈ ಸೇರಿದ ಮೇಲೆ ಓನರ್ ದನಿಯೇ ಬೇರೆ.

ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರನ್ನೂ ಕರೆದುಕೊಂಡು ಹೋಗಿ, ಆದರೆ ಮಳೆ ಬಿದ್ದ ಮಾರನೇ ದಿನ. ನಾನು ನೋಡಿದ ಒಂದು ಮನೆಯಲ್ಲಿ ಬಾತ್‌ರೂಮ್ ಪಕ್ಕದ ಗೋಡೆಗೆ ಮಾತ್ರ ಹೊಸ ಪೇಂಟ್ ಇತ್ತು, ಉಗುರಲ್ಲಿ ಕೆರೆದರೆ ಪುಟ್ಟಿ ಪುಡಿಪುಡಿಯಾಗಿ ಉದುರಿತು, ಒಳಗೆಲ್ಲ ತೇವ. ನೀರು ಬರುತ್ತಿದ್ದದ್ದು ಮೇಲಿನ ಮನೆಯಿಂದ! ಇಂಥದ್ದಕ್ಕೆ ಮಾರುವವರು ಒಪ್ಪಿದರೆ ಸಾಲದು, ಮೇಲಿನವರೂ ಒಪ್ಪಬೇಕು.

ಮಾಸಿದ ಬಣ್ಣ, ಸವೆದ ನಲ್ಲಿಗೆಲ್ಲ ಸುಮ್ನೆ ಹಠ ಬೇಡ. ಸೋರಿಕೆ, ವೈರಿಂಗ್, ಬಿರುಕು, ಇಷ್ಟೇ ಹಿಡಿದುಕೊಳ್ಳಿ. ಕೊಟೇಶನ್ ಬರೆಸಿ ಮುಂದಿಡಿ: "ಸರ್, ಇದಕ್ಕೆ 80,000 ಆಗುತ್ತಂತೆ. ನೀವೇ ಮಾಡಿಸ್ತೀರಾ, ರೇಟಲ್ಲಿ ಕಳೀತೀರಾ?" ನಾನಾದರೆ ರೇಟಲ್ಲೇ ಕಳೆಯಿಸುತ್ತೇನೆ. ಬಿಟ್ಟು ಹೋಗುವ ಮನೆಗೆ ಯಾರು ತಾನೇ ಒಳ್ಳೇ ಕೆಲಸ ಮಾಡಿಸುತ್ತಾರೆ, ಅಲ್ವಾ?

ಅವರೇ ಮಾಡಿಸುವುದಾದರೆ ಏನು ಕೆಲಸ, ಯಾವ ತಾರೀಖಿನೊಳಗೆ ಅಂತ ಸೇಲ್ ಅಗ್ರಿಮೆಂಟಿನಲ್ಲೇ ಬರೆಸಿ. ವಾಟ್ಸಾಪ್ ಮಾತು ನಂಬಿ ಕೂರಬೇಡಿ. ಸುಲಭಕ್ಕೆ ಕಣ್ಣಿಗೆ ಬೀಳದ, ತಮಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವರೇ ಹೇಳಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆದರೆ ಅಗ್ರಿಮೆಂಟಿನಲ್ಲಿ "ಇದ್ದ ಸ್ಥಿತಿಯಲ್ಲೇ ಕೊಳ್ಳುತ್ತೇನೆ" ಅನ್ನುವ ಸಾಲು ನುಸುಳಿದ್ದರೆ ಕಷ್ಟ. ಸಹಿಗೆ ಮುಂಚೆ ಅದನ್ನು ಹುಡುಕಿ ತೆಗೆಸಿ.