‘ಥೂ’ ಅನ್ನಲು ಬಂದ ಮೇಲೇ ಸಿಲಿಂಡರ್

ಸ್ಕೂಬಾ ಡೈವಿಂಗ್ ಕಲಿಕೆಯಲ್ಲಿ ಮೊದಲ ಮೂರು ಕ್ಲಾಸು ಗಾಳಿಯ ಸಿಲಿಂಡರ್ ಇಲ್ಲ, ಬರೀ ಸ್ನಾರ್ಕೆಲ್ (ಮುಖ ನೀರಲ್ಲಿದ್ದಾಗ ಬಾಯಿಂದ ಉಸಿರಾಡುವ ಕೊಳವೆ) ಅಂದಾಗ ಜೊತೆಯ ಇನ್‌ಸ್ಟ್ರಕ್ಟರ್‌ಗಳೇ ನಕ್ಕರು. ದುಡ್ಡು ಕಟ್ಟಿ ಬಂದವರು ತುಮಕೂರಿನ ಪೂಲ್‌ನಲ್ಲಿ ನಾಲ್ಕಡಿ ನೀರಿಗಿಳಿದು ಕೊಳವೆ ಊದುತ್ತಾ ನಿಲ್ಲುತ್ತಾರಾ ಅನ್ನುವುದು ಅವರ ವಾದ. ಎರಡು ಸೀಸನ್ ಆದ ಮೇಲೆ ಹೇಳುತ್ತಿದ್ದೇನೆ: ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮುಗಿಸಿ ಮೇಲೆ ಬಂದ ತಕ್ಷಣ ಮಾಸ್ಕ್ ಹಣೆಗೇರಿಸಿ, ಬಾಯಿ ಖಾಲಿ ಬಿಟ್ಟು ದೋಣಿಯತ್ತ ಕೈ ಬಡಿಯುವವರು ನಮ್ಮ ಬ್ಯಾಚ್‌ಗಳಲ್ಲಿ ಈಗ ಸಿಗುವುದಿಲ್ಲ.

ಶುರುವಿನಲ್ಲಿ ಕೈ ಸುಟ್ಟುಕೊಂಡಿದ್ದು ಡ್ರೈ ಟಾಪ್ ಸ್ನಾರ್ಕೆಲ್‌ನಿಂದ, ಅಂದರೆ ಮುಳುಗಿದಾಗ ತುದಿಯ ಮುಚ್ಚಳ ತಾನೇ ಮುಚ್ಚಿಕೊಳ್ಳುವ ಕೊಳವೆಯಿಂದ. ಒಂದಕ್ಕೆ ₹1,400 ಹತ್ತಿರ, ಎಂಟು ಪೀಸು. ಕೊಳವೆಗೆ ನೀರೇ ನುಗ್ಗದಿದ್ದರೆ ಅದನ್ನು ಹೊರಹಾಕುವುದನ್ನು ಯಾರು ಕಲಿಯುತ್ತಾರೆ? ಮರಳಿನ ಒಂದು ಕಣ ಮುಚ್ಚಳಕ್ಕೆ ಸಿಕ್ಕಿಕೊಂಡ ದಿನ ಎಲ್ಲ ಬಯಲಾಗುತ್ತದೆ. ಈಗ ಮೂರೂ ಕ್ಲಾಸಿಗೆ ಪರ್ಜ್ ವಾಲ್ವ್ (ನೀರು ಹೊರಹೋಗಲು ಕೆಳಗಿರುವ ಕವಾಟ) ಕೂಡ ಇಲ್ಲದ ಸಾದಾ ಜೆ ಆಕಾರದ ಕೊಳವೆ, ₹400–450. ವಾಲ್ವ್ ಇರುವುದು ಸಮುದ್ರಕ್ಕೆ ಹೊರಟಾಗ ಮಾತ್ರ.

ಒಳ ಅಗಲ 2 ಸೆಂ.ಮೀ., ಉದ್ದ 40 ಸೆಂ.ಮೀ. ಅಂದರೆ ಹಿಡಿಯುವ ನೀರು 125 ಮಿ.ಲೀ. ಆಸುಪಾಸು, ಒಂದು ಸಣ್ಣ ಕಾಫಿ ಲೋಟ. ಅಷ್ಟನ್ನೂ ಒಂದೇ ಏಟಿಗೆ ಆಚೆ ಎಸೆಯಬೇಕು. ಎಲ್ಲರೂ ಮಾಡುವ ತಪ್ಪು ಒಂದೇ: ಒಲೆಯ ಊದುಗೊಳವೆ ಹಿಡಿದವರಂತೆ ಉದ್ದಕ್ಕೆ, ಮೆತ್ತಗೆ ಊದುತ್ತಾರೆ. ಗಾಳಿ ನೀರಿನ ಪಕ್ಕದಲ್ಲೇ ನುಸುಳಿ ಹೋಗುತ್ತದೆ, ನೀರು ಅಲ್ಲೇ ಉಳಿಯುತ್ತದೆ. ಕೋಪದಲ್ಲಿ ‘ಥೂ’ ಅಂತೀರಲ್ಲ, ಆ ಉಸಿರು ಬೇಕು. ದಡದ ಮೇಲೆ ಇಪ್ಪತ್ತು ಸಲ ‘ಥೂ’ ಅನ್ನಿಸಿಯೇ ನೀರಿಗಿಳಿಸುವುದು. ಪೂಲ್ ಮ್ಯಾನೇಜರ್ ಮೊದಲ ದಿನ ತನಗೇ ಅಂದರೆಂದು ತಿರುಗಿ ನೋಡಿದ್ದರು.

ಊದಿದ ಮೇಲಿನ ಮೊದಲ ಉಸಿರು ನಿಧಾನ, ನಾಲಿಗೆ ತುದಿ ಮೇಲಂಗುಳಕ್ಕೆ. ಉಳಿದ ಹನಿ ನಾಲಿಗೆಗೆ ಬಡಿದು ನಿಲ್ಲುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಆಮೇಲೆ ಇನ್ನೊಂದು ‘ಥೂ’. ಸ್ನಾರ್ಕೆಲ್ ಹಾಕಿ ಉಸಿರು ಕಟ್ಟಿ ಮುಳುಗಿ, ಶ್ವಾಸಕೋಶ ಪೂರ್ತಿ ಖಾಲಿ ಮಾಡಿಕೊಂಡು ಮೇಲೆ ಬಂದವರ ಹತ್ತಿರ ಊದಲು ಏನೂ ಇರುವುದಿಲ್ಲ. ಕೊನೆಯ ಕಾಲುಭಾಗ ಉಳಿಸಿಟ್ಟುಕೊಳ್ಳುವುದನ್ನು ಬೇರೆಯಾಗಿಯೇ ಕಲಿಸಬೇಕು. ಮುಳುಗುವ ಮುಂಚೆ ಬುಸುಬುಸು ಉಸಿರೆಳೆದು ‘ತಯಾರಾಗುವ’ ಚಾಳಿಗೆ ನಮ್ಮಲ್ಲಿ ಕ್ಷಮೆಯಿಲ್ಲ. ಪ್ರಜ್ಞೆ ತಪ್ಪುವುದು ಅಲ್ಲಿಂದಲೇ.

ಎರಡನೇ ಕ್ಲಾಸು ಮಾಸ್ಕ್ ಇಲ್ಲದೆ. ಮುಖ ನೀರಲ್ಲಿ, ಮೂಗು ತೆರೆದೇ, ಬಾಯಿಂದ ಉಸಿರು. ಮೊದಲು ಹತ್ತು ಉಸಿರು, ಆಮೇಲೆ ಮೂವತ್ತು, ಕೊನೆಗೆ ಎರಡು ನಿಮಿಷ. ಕ್ಲೋರಿನ್‌ಗೆ ಕಣ್ಣು ಉರಿಯುತ್ತದೆ, ಹತ್ತು ನಿಮಿಷಕ್ಕಿಂತ ಎಳೆಯಬೇಡಿ. ಗಾಬರಿ ಬೀಳುವವರಿಗೆ ಇನ್ನೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪೂಲ್‌ಗೆ ಬಂದರೆ ತೋರಿಸುತ್ತೇನೆ.

ಸ್ನಾರ್ಕೆಲನ್ನು ಮಾಸ್ಕಿನ ಸ್ಟ್ರಾಪಿಗೆ ಸಿಕ್ಕಿಸುವ ಕ್ಲಿಪ್ ಎಡಗಡೆ, ಕಿವಿಯ ಸ್ವಲ್ಪ ಮುಂದೆ. ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಲಭುಜದ ಮೇಲಿಂದ ಬರುವುದರಿಂದ ಎಡವೇ ಸರಿ. ಕ್ಲಿಪ್ ಕೆಳಗಿದ್ದರೆ ಕೊಳವೆಯ ಭಾರ ಸ್ಟ್ರಾಪನ್ನು ಎಳೆದು ಮಾಸ್ಕ್ ಕಣತಲೆಯ ಹತ್ತಿರ ಸೋರುತ್ತದೆ. ಎಷ್ಟೋ ಜನ ಇದಕ್ಕೆ ಮಾಸ್ಕ್ ಬದಲಾಯಿಸಿ ದುಡ್ಡು ಕಳೆದಿದ್ದಾರೆ.

ಮೇಲೆ ಬಂದಾಗಿನ ಕ್ರಮ ಒಂದೇ, ಬದಲಾಗಬಾರದು: ಬಿಸಿಡಿಗೆ (ತೇಲಿಸುವ ಜಾಕೆಟ್) ಗಾಳಿ ತುಂಬು, ದೋಣಿಗೆ ಓಕೆ ತೋರಿಸು, ಅಲೆಗೆ ಬೆನ್ನು ಕೊಡು, ಆಮೇಲೆ ರೆಗ್ಯುಲೇಟರ್ ತೆಗೆದು ಸ್ನಾರ್ಕೆಲ್. ಮಾಸ್ಕ್ ಏಣಿ ಹತ್ತುವವರೆಗೂ ಮುಖದ ಮೇಲೇ. ಮೇಲೆ ಬಂದ ಮೇಲೂ ರೆಗ್ಯುಲೇಟರ್‌ನಲ್ಲೇ ಉಸಿರಾಡಬಹುದಲ್ಲ, ಇಷ್ಟೆಲ್ಲ ಯಾಕೆ ಅಂದವರಿಗೆ ಒಂದು ಲೆಕ್ಕ: 11 ಲೀಟರ್ ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡ ಉಳಿದಿದ್ದರೆ 550 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಎಳೆದರೆ 27 ನಿಮಿಷ. ಹೆದರಿ 40 ಎಳೆದರೆ ಅದರ ಅರ್ಧ. ದೋಣಿ ಇನ್ನೊಂದು ಗುಂಪನ್ನು ಹತ್ತಿಸಿಕೊಳ್ಳುತ್ತಿದ್ದರೆ ಅಷ್ಟು ಹೊತ್ತು ಸಾಲದು. ಸ್ನಾರ್ಕೆಲ್‌ಗೆ ಗೇಜ್ ಇಲ್ಲ, ಅದರ ಗಾಳಿ ಮುಗಿಯುವುದಿಲ್ಲ.

ತೂಕ ಬಿಡುವ, ಅಂದರೆ ಮುಳುಗಲು ಸೊಂಟಕ್ಕೆ ಕಟ್ಟಿದ ಸೀಸದ ಬೆಲ್ಟನ್ನು ಅಪಾಯದಲ್ಲಿ ಕಳಚಿ ಬೀಳಿಸುವ ಅಭ್ಯಾಸದಲ್ಲಿ ನಿಜವಾದ ದುಡ್ಡು ಹೋಯಿತು. ಸೀಸದ ತುಂಡು ಬಿದ್ದು ಎರಡು ಟೈಲ್ ಒಡೆದವು, ₹3,000 ಚಿಲ್ಲರೆ ಕಟ್ಟಿದ್ದಾಯಿತು. ತಿಪಟೂರಿನ ತೆಂಗಿನ ನಾರಿನ ಮ್ಯಾಟ್ ಹಾಸಿದೆವು. ಒಂದು ಗಂಟೆಯಲ್ಲಿ ನೀರು ಚಹಾ ಬಣ್ಣಕ್ಕೆ ತಿರುಗಿ ಪೂಲ್‌ನವರಿಂದ ಮಂಗಳಾರತಿ. ಕೊನೆಗೆ ಒದಗಿದ್ದು ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್. ಕೊಳ್ಳುವಾಗ ಗಟ್ಟಿ ರಬ್ಬರಿನದೇ ಕೇಳಿ. ಹಗುರವಾದ ಫೋಮಿನದು ತೇಲುತ್ತದೆ. ಈಗ ಯಾರೂ ‘ಸೀಸ ಹೋದರೆ ಯಾರು ಕೊಡ್ತಾರೆ’ ಅಂತ ಬೆಲ್ಟ್ ಹಿಡಿದುಕೊಂಡು ಒದ್ದಾಡುವುದಿಲ್ಲ, ಕೈ ತಾನೇ ಬಕಲ್‌ಗೆ ಹೋಗುತ್ತದೆ.

ನಡುವೆ ಇನ್ನೊಂದು ಪ್ರಯೋಗ. ಬಾವಿಯಲ್ಲಿ ಈಜು ಕಲಿಯಲು ಸೊಂಟಕ್ಕೆ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಅದೇ ಜಾಡಿನಲ್ಲಿ 5 ಲೀಟರ್ ಎಣ್ಣೆ ಕ್ಯಾನ್‌ಗೆ 15 ಮೀಟರ್ ನೈಲಾನ್ ಹಗ್ಗ ಕಟ್ಟಿದೆವು. ಖಾಲಿ ಕ್ಯಾನ್ ಗಾಳಿಗೆ ಪಕ್ಕಕ್ಕೆ ಹಾರುತ್ತಿತ್ತು; ಒಳಗೆ ಅರ್ಧ ಲೀಟರ್ ನೀರು ಬಿಟ್ಟ ಮೇಲೆ ಗುರಿಗೆ ಬಿತ್ತು. ಸುಸ್ತಾದವರನ್ನು ಎಳೆಯಲು ಸಾವಿರಾರು ರೂಪಾಯಿಯ ಥ್ರೋ ಬ್ಯಾಗ್‌ಗಿಂತ (ಎಸೆಯುವ ಹಗ್ಗದ ಚೀಲ) ಇದೇ ನಮಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಕೃಷಿ ಹೊಂಡದಲ್ಲಿ ಅಭ್ಯಾಸ ಮಾಡಿಸೋಣ ಅಂದವರಿದ್ದಾರೆ. ಬೇಡವೇ ಬೇಡ: ಪ್ಲಾಸ್ಟಿಕ್ ಹಾಳೆಯ ಇಳಿಜಾರು ಪಾಚಿ ಹಿಡಿದ ಮೇಲೆ ಈಜು ಬಲ್ಲವರೂ ಹತ್ತಿ ಬರಲಾರರು.

ಪೂಲ್‌ನ ತೂಕದ ಲೆಕ್ಕವನ್ನು ಹಾಗೇ ಮುರುಡೇಶ್ವರಕ್ಕೆ ಒಯ್ಯಬೇಡಿ. ಉಪ್ಪುನೀರು ಸಿಹಿನೀರಿಗಿಂತ ಎರಡೂವರೆ ಪರ್ಸೆಂಟ್ ಭಾರ, ಮೈಯನ್ನು ಹೆಚ್ಚು ತೇಲಿಸುತ್ತದೆ. ಕಿಟ್ ಸಮೇತ 90 ಕೆಜಿ ತೂಗುವವರಿಗೆ ಪೂಲ್‌ಗಿಂತ 2 ಕೆಜಿಗೂ ಮೇಲೆ ಹೆಚ್ಚು ಸೀಸ ಬೇಕು.

ನಮ್ಮ ಕಡೆಯ ಬೋರ್‌ವೆಲ್ ನೀರಲ್ಲಿ ತೊಳೆದಿಟ್ಟರೆ ಪರ್ಜ್ ವಾಲ್ವ್‌ನ ಸಿಲಿಕೋನ್ ಅಂಚಿಗೆ ಬಿಳಿ ಪೊರೆ ಕಟ್ಟಿ ಸೋರಲು ಶುರುವಾಗುತ್ತದೆ. ವಿನೆಗರ್ ಒಂದು ಪಾಲು, ನೀರು ಒಂದು ಪಾಲು, ಅರ್ಧ ಗಂಟೆ ನೆನೆಸಿ, ಮಳೆನೀರಲ್ಲಿ ಅಥವಾ ಫಿಲ್ಟರ್ ನೀರಲ್ಲಿ ತೊಳೆಯಿರಿ. ₹40ರ ಬಾಟಲಿ ಸೀಸನ್ ಪೂರ್ತಿ ಬರುತ್ತದೆ.

ಕೊನೆಯ ಡೈವ್ ಮುಗಿಸಿ ಅದೇ ಸಂಜೆ ಘಾಟಿ ಹತ್ತಬೇಡಿ. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು, ಡೈವ್‌ನಲ್ಲಿ ಮೈಗೆ ಸೇರಿದ ನೈಟ್ರೋಜನ್ ಗುಳ್ಳೆ ಕಟ್ಟಬಹುದು. ತುಮಕೂರು 800 ಮೀಟರ್ ಎತ್ತರದಲ್ಲಿದೆ, ವಿಮಾನ ಹತ್ತುವುದಕ್ಕಿರುವ ನಿಯಮವನ್ನೇ ಇಲ್ಲೂ ಪಾಲಿಸುತ್ತೇವೆ: ಒಂದೇ ಡೈವ್ ಆದರೆ 12 ಗಂಟೆ, ಹಲವು ಆಗಿದ್ದರೆ 18. ಒಂದು ರಾತ್ರಿಯ ರೂಮ್ ಬಾಡಿಗೆ ಹೆಚ್ಚು ಬೀಳುತ್ತದೆ. ಫೀಸಿನಲ್ಲೇ ಸೇರಿಸಿ ಹೇಳಿಬಿಡಿ, ಅಲ್ಲಿ ಹೋಗಿ ಕೇಳಿದರೆ ಯಾರೂ ಕೊಡುವುದಿಲ್ಲ.